ಕರುವಿನ ಬಾಲದ ರೆಕ್ಕೆ

ಮೂರನೆಯದನ್ನೂ ಬಾಗಿಲ ಬೆಳಕಿಗೆ ಹಿಡಿದು ನೋಡಿ, ಗಂಗಾಂಬಿಕಾ ಅದನ್ನು ತಿರುಗಿ ಡಬ್ಬಿಗೆ ಹಾಕಿದಳು.

“ಇದೂ ಬ್ಯಾಡ್ರಿ ಸಾಹೇಬ್ರ. ಇದನ್ನ ಕಟ್ಟೂವಾಗ ಅವರಿಗೆ ನೆಗಡಿ ಆಗಿತ್ತು.”

ಎದುರಿಗೆ ಕುಳಿತ ನಂದಕಿಶೋರನಿಗೆ ನಗಬೇಕೋ ಬೇಡವೋ ತಿಳಿಯಲಿಲ್ಲ. ಬೆಳಿಗ್ಗೆ ಫೋನು ಬಂದ ಕೂಡಲೇ ಅವನು ಜಮಖಂಡಿಯಿಂದ ಬನಹಟ್ಟಿಗೆ ಹೊರಟು ಬಂದಿದ್ದ. ಬರುವಾಗ ಹುಳದ ಡಬ್ಬಿ ತನ್ನಿ ಎಂದು ಅವಳೇ ಹೇಳಿದ್ದಳು. ಗಾಳದ ಮುಳ್ಳುಗಳ ಮೇಲೆ ರೇಷ್ಮೆಯಿಂದ, ಕೂದಲಿನಿಂದ ಕಟ್ಟಿದ, ಅಕ್ಕಿಕಾಳಿಗಿಂತ ತುಸು ದೊಡ್ಡ ಹುಳಗಳು. ಅವನ್ನೆಲ್ಲ ಕಟ್ಟಿದ ಅವಳ ಗಂಡ ಹೊಳಬಸಪ್ಪ ಹೊರಗೆ ಪಡಸಾಲೆಯಲ್ಲಿದ್ದ. ಗೋಡೆಗೆ ಆನಿಸಿ ಕೂರಿಸಿದ್ದರು. ಹಣೆ ತುಂಬ ವಿಭೂತಿ. ಭಜನೆಯವರ ತಾಳ ಎಲ್ಲಿ ತಪ್ಪುತ್ತದೆಂದು ಕಾಯುತ್ತಿರುವವನಂತೆ ಕಾಣುತ್ತಿದ್ದ.

“ಉಂಡು ಮಲಗಿದಾಂವ ಹಂಗ ಹ್ವಾದ. ಪುಣ್ಯಾತ್ಮ,” ಎಂದಳು ಬಾಗಿಲಲ್ಲಿ ಕುಳಿತಿದ್ದ ನೆರೆಮನೆಯ ತಂಗೆವ್ವ. “ಹೋಗೂ ಮುಂದ ಹೋಳಿಗಿ ಸೈತ ಬಿಡಲಿಲ್ಲ.”

ಹೊಳಬಸಪ್ಪನ ತಮ್ಮ ಗಿರಿಮಲ್ಲಪ್ಪ ಒಳಗೆ ಬಂದವನು ಡಬ್ಬಿ ನೋಡಿ ನಿಂತ. “ವೈನಿ, ಏನ ನಡಿಸೀರಿ?”

“ಅವರ ಕೂಡ ಒಂದ ಹುಳಾ ಇಡಬೇಕು.”

“ಗಾಳಾ? ಕುಣ್ಯಾಗ? ಲಿಂಗಾ ಕಟ್ಟಿದ ದೇಹಾ ರೀ ಅದು. ಮಠದ ಅಜ್ಜಾರು ನೋಡಿದ್ರ ಏನಂದಾರು? ಕುಣ್ಯಾಗ ಇಳಿಯಾಂವ ನಾನು. ನನ್ನ ಕೈಲೆ ಆಗೂದಿಲ್ಲ.”

“ನೀ ಇಳಿಯಾಂವ ಅಂತನ ನಿನಗ ಹೇಳಾಕತ್ತೇನಿ. ಸೀರಿ ನೇಯ್ದದ್ದೆಲ್ಲಾ ಹೊಟ್ಟಿಗೆ. ಇದೊಂದ ಅವರು ತಮ್ಮ ಖುಷಿಗೆ ಮಾಡಿದ್ದು. ಬರಿಗೈಲೆ ನಾ ಕಳಸೂದಿಲ್ಲ.”

ಗಿರಿಮಲ್ಲಪ್ಪ ನಂದಕಿಶೋರನ ಕಡೆ ನೋಡಿದ, ಇದೆಲ್ಲ ನಿಮ್ಮಿಂದಲೇ ಎನ್ನುವ ಹಾಗೆ.

*

ಅದು ನಿಜವೂ ಆಗಿತ್ತು. ಮಗಳು ಹರ್ಷದಾಳ ಮದುವೆಯ ಸೀರೆಗೆಂದು ನಂದಕಿಶೋರ ಮೊದಲ ಸಲ ಈ ಮನೆಗೆ ಬಂದಿದ್ದ. ಮಗಳು ಬಣ್ಣ ಆರಿಸುತ್ತಿದ್ದಾಗ, ಮಗ್ಗದಲ್ಲಿ ಹರಿದ ಎಳೆಯೊಂದನ್ನು ಹೊಳಬಸಪ್ಪ ಬೆರಳ ತುದಿಯಲ್ಲಿ ಹೊಸೆದು ಕೂಡಿಸಿದ. ಎಲ್ಲಿ ಕೂಡಿತೆಂದು ಕಾಣಲಿಲ್ಲ. ನಂದಕಿಶೋರ ಕಿಸೆಯಿಂದ ಒಂದು ಹುಳ ತೆಗೆದು ಅವನ ಅಂಗೈಗಿಟ್ಟ.

ಬ್ಯಾಂಕಿನ ನೌಕರಿಯಲ್ಲಿ ಕುಲ್ಲುವಿನಲ್ಲಿದ್ದಾಗ ಅವನಿಗೆ ಟ್ರೌಟ್ ಮೀನಿನ ಹುಚ್ಚು ಹತ್ತಿತ್ತು. ತಣ್ಣೀರ ಹೊಳೆಯ ಆ ಮೀನು ಕ್ಯಾಡಿಸ್ ಎಂಬ ನೀರುಹುಳಕ್ಕೆ ಬಾಯಿ ಹಾಕುತ್ತದೆ. ಅದನ್ನು ಹಿಡಿಯಲು ಮುಳ್ಳಿನ ಮೇಲೆ ಆ ಹುಳದ ನಕಲು ಕಟ್ಟಬೇಕು. ನಿವೃತ್ತನಾದ ಮೇಲೂ ವರ್ಷಕ್ಕೊಮ್ಮೆ ಅಲ್ಲಿಗೆ ಹೋಗುತ್ತಿದ್ದ. ಹಿಡಿದದ್ದನ್ನು ನೀರಿಗೇ ಬಿಡುತ್ತಿದ್ದ.

“ಬಿಡೂದಿದ್ರ ಹಿಡಿಯೂದ್ಯಾಕ್ರಿ?” ಎಂದ ಹೊಳಬಸಪ್ಪ. ಉತ್ತರಕ್ಕೆ ಕಾಯದೆ, “ರೆಕ್ಕಿ ಸಡಲ ಕಟ್ಟ್ಯಾರ,” ಎಂದ.

ತಾನೇ ಕಟ್ಟಿಕೊಡುವುದಾಗಿ ಹೇಳಿದ. ಆದರೆ ರೆಕ್ಕೆಗೆ ಬೇಕಾದ ಕೋಳಿಯ ಪುಕ್ಕ ಹೊಸ್ತಿಲು ದಾಟಕೂಡದು ಎಂದು ಗಂಗಾಂಬಿಕಾ ಕಟ್ಟಪ್ಪಣೆ ಮಾಡಿದಳು. ಹೊಳಬಸಪ್ಪ ದನದ ಕೊಟ್ಟಿಗೆಗೆ ಹೋಗಿ ಕರುವಿನ ಬಾಲದ ತುದಿಯ ಕೂದಲು ಕತ್ತರಿಸಿಕೊಂಡು ಬಂದ. ಸೀರೆ ನೇಯ್ದು ಉಳಿದ ರೇಷ್ಮೆಯಿಂದ ಮೈ, ಆ ಕೂದಲಿನಿಂದ ರೆಕ್ಕೆ. ಕಟ್ಟಿ ಮುಗಿಸಿ ಉಫ್ ಎಂದು ಒಮ್ಮೆ ಊದುತ್ತಿದ್ದ. ರೆಕ್ಕೆ ಎದ್ದು ನಿಂತರೆ ಡಬ್ಬಿಗೆ, ಮಲಗಿದರೆ ಬಿಚ್ಚಿ ಮತ್ತೆ ಮೊದಲಿನಿಂದ.

ಪ್ರತಿ ಚಳಿಗಾಲ ಯಾವ ಹುಳ ಕಟ್ಟುವುದೆಂದು ಇಬ್ಬರಿಗೂ ವಾದ. ನಂದಕಿಶೋರನಿಗೆ ರೆಕ್ಕೆ ಬಂದದ್ದು ಬೇಕು. ಹೊಳಬಸಪ್ಪನ ಜೀವ ಮರಿಹುಳದ ಮೇಲೆ. ಕ್ಯಾಡಿಸ್ ಬಳಗದ್ದೇ ಒಂದು ಮರಿಯನ್ನು ನಂದಕಿಶೋರ ಅವನಿಗೆ ಚಿಕ್ಕಪಡಸಲಗಿಯ ಬ್ಯಾರೇಜಿನ ಹತ್ತಿರ, ಕಲ್ಲಿನ ಸಂದಿಯಲ್ಲಿ ತೋರಿಸಿದ್ದ. ಬಾಯಿಂದ ಎಳೆ ತೆಗೆದು, ಉಸುಕಿನ ಕಾಳು ಕೂಡಿಸಿ, ತಾನೇ ಮಾಡಿಕೊಂಡ ಕೊಳವೆಯೊಳಗೆ ಕುಳಿತಿತ್ತು ಹುಳ.

“ನಾವು ಮಂದಿಗೆ ನೇಯತೇವಿ. ಈ ಮಗಾ ತನಗ ನೇಯ್ಕೊಂಡ ಕುಂತಾನ ನೋಡ್ರಿ!” ಎಂದು ಹೊಳಬಸಪ್ಪ ಬನಹಟ್ಟಿ ಮುಟ್ಟುವವರೆಗೂ ನಗುತ್ತಿದ್ದ.

ಆಗಲೂ ಗಿರಿಮಲ್ಲಪ್ಪ ಕೆಣಕಿದ್ದ. “ಲಿಂಗಾ ಕಟ್ಟಿಕೊಂಡು ಮೀನಿಗೆ ಗಾಳಾ ಕಟ್ಟತೀಯಲ್ಲ ಅಣ್ಣಾ?”

“ಚುಚ್ಚೂ ಪಾಪ ಸಾಹೇಬ್ರದು. ಮೋಸಾ ಅಷ್ಟ ನಂದು.”

*

ಭಜನೆ ನಿಂತು, ಹೊರಗೆ ಚಹಾದ ಕಪ್ಪುಗಳ ಸದ್ದು ಕೇಳಿತು. ನಂದಕಿಶೋರ ಡಬ್ಬಿಯ ಮೂಲೆಯಿಂದ ಉಸುಕು ಅಂಟಿಸಿದ ಸಣ್ಣ ಕೊಳವೆಯೊಂದನ್ನು ತೆಗೆದ.

“ಇದು ಅವನ ಮನಸಿಂದ ಅದ ಅಕ್ಕಾರ. ನಾ ಒಂದ ಸಲಾನೂ ನೀರಿಗೆ ಹಾಕಿಲ್ಲ. ಇದನ್ನ ಇಡೋಣು.”

ಗಂಗಾಂಬಿಕಾ ಅದನ್ನು ಅಂಗೈಯಲ್ಲಿ ಹೊರಳಿಸಿದಳು. “ಕುಣ್ಯಾಗ ಗೂಡ ಮಾಡಿ ಮನಿ ತಗದ ಇಟ್ಟಾರಲ್ರಿ. ಇನ್ನೊಂದ ಯಾಕ ಅವರಿಗೆ?” ಎಂದು ತಿರುಗಿ ಕೊಟ್ಟಳು. ಬೆರಳಾಡಿಸಿ, ತಳದಲ್ಲಿದ್ದ ಒಂದು ಬೂದುಬಣ್ಣದ ಹುಳವನ್ನು ಎತ್ತಿದಳು. “ಇದ ನೋಡ್ರಿ. ನಮ್ಮ ಗೌರಿ ಕರಾ ಇದ್ದಾಗಿಂದು. ಬಾಲಾ ಕತ್ತರಿಸಿದ್ದಕ್ಕ ನಾ ನಾಕ ದಿನಾ ಮಾತ ಬಿಟ್ಟಿದ್ದೆ.”

“ಆಮ್ಯಾಲೆ?”

“ಆಮ್ಯಾಲೆ ಇದನ್ನ ಊದಿ ತೋರಿಸಿದ್ರು. ಛಲೋ ಇತ್ತು.”

“ಮುಳ್ಳ ಐತಿ ಅದಕ್ಕ,” ಎಂದ ಗಿರಿಮಲ್ಲಪ್ಪ.

ಅವಳು ಎದ್ದು ಮಗ್ಗದ ಮೇಲಿನ ಗೂಡಿನಿಂದ ಗಂಡನ ತಂತಿ ಕತ್ತರಿಸುವ ಪಕ್ಕಡ ತಂದು ನಂದಕಿಶೋರನ ಕೈಗೆ ಕೊಟ್ಟಳು. “ಕತ್ತರಸ್ರಿ.”

ಟಕ್ ಎಂದಿತು. ಮುಳ್ಳಿನ ಕೊಕ್ಕೆ ಹಾರಿ ಎಲ್ಲೋ ಬಿತ್ತು. ಅಂಗೈಯಲ್ಲಿ ಉಳಿದದ್ದು ರೇಷ್ಮೆಯ ಮೈ, ಕೂದಲಿನ ರೆಕ್ಕೆ.

“ಈಗೇನ ಅಂತಿ? ಗಾಳಾ?” ತಂಗೆವ್ವ ಗಿರಿಮಲ್ಲಪ್ಪನನ್ನು ಕೇಳಿದಳು.

ಅವನು ಬಗ್ಗಿ ನೋಡಿದ. “ಮೋಸಾ ಅಷ್ಟ ಉಳೀತು,” ಎಂದು ಕೈ ಚಾಚಿದ. ನಗಲು ಹೋದ ಅವನ ಬಾಯಿ ಸೊಟ್ಟಗಾಯಿತು.

*

ಹೊಲದ ಬದುವಿನ ಬೇವಿನ ಕೆಳಗೆ ಕುಣಿ ತೋಡಿದ್ದರು. ಒಂದು ಗೋಡೆಯಲ್ಲಿ ಗೂಡು ಕೊರೆದು ಹೊಳಬಸಪ್ಪನನ್ನು ಒಳಗೆ ಕೂರಿಸಿದರು. ಎಡ ಅಂಗೈಯಲ್ಲಿ ಲಿಂಗ. ಮೇಲೆ ನಿಂತ ಅಜ್ಜಾರು ಮಂತ್ರ ಹೇಳಿದಂತೆ, ಗಿರಿಮಲ್ಲಪ್ಪ ಕೆಳಗೆ ವಿಭೂತಿಗಟ್ಟಿ ಇಟ್ಟ, ಬಿಲ್ವಪತ್ರೆ ಇಟ್ಟ. ಎಲ್ಲವನ್ನೂ ಒಂದೇ ಕೈಯಲ್ಲಿ ಮಾಡಿದ. ಇನ್ನೊಂದು ಮುಷ್ಟಿ ಮನೆಯಿಂದಲೂ ಬಿಚ್ಚಿರಲಿಲ್ಲ.

ಕುಣಿಯ ಅಂಚಿನಲ್ಲಿ ಗಂಗಾಂಬಿಕಾ ನಿಂತಿದ್ದಳು, ಪಕ್ಕದಲ್ಲಿ ನಂದಕಿಶೋರ. ಇಬ್ಬರ ಕಣ್ಣೂ ಆ ಮುಷ್ಟಿಯ ಮೇಲೆ.

ಕೊನೆಗೆ ಅದು ಬಿಚ್ಚಿತು. ಗಿರಿಮಲ್ಲಪ್ಪ ಅಣ್ಣನ ಬಲ ಅಂಗೈಯಲ್ಲಿ ಬಿಲ್ವದ ಎಲೆಯೊಂದನ್ನಿಟ್ಟು, ಅದರ ಮೇಲೆ ಹುಳ ಇಟ್ಟ. ಬೆವರಿಗೆ ರೆಕ್ಕೆ ಒದ್ದೆಯಾಗಿ ಮೈಗೆ ಅಂಟಿಕೊಂಡಿತ್ತು.

“ಆತೇನಪಾ?” ಎಂದರು ಅಜ್ಜಾರು.

“ಒಂಚೂರ ತಡೀರಿ.”

ಅವನು ಮೊಣಕಾಲೂರಿ, ಅಣ್ಣನ ಕೈಗೆ ಮುಖ ತಂದು, ಉಫ್ ಎಂದು ಊದಿದ. ರೆಕ್ಕೆ ಅಲುಗಿತು, ಏಳಲಿಲ್ಲ. ಕೆನ್ನೆ ಉಬ್ಬಿಸಿ ಇನ್ನೊಮ್ಮೆ ಊದಿದ. ಕೂದಲು ಒಂದೊಂದಾಗಿ ಬಿಡಿಸಿಕೊಂಡು ಎದ್ದು ನಿಂತಿತು.

“ಆತ್ರಿ,” ಎಂದು ಗಿರಿಮಲ್ಲಪ್ಪ ಮೇಲಕ್ಕೆ ಕೈ ಚಾಚಿದ.