ಮೂವತ್ತನಾಲ್ಕು ಚುಕ್ಕಿಗಳು

ಮಿಲ್ಪಿಟಾಸಿನ ಆ ಸಂಸ್ಥೆ ಮಾರುತ್ತಿದ್ದ ಸರಕು ಭಯ. ಬಡ ದೇಶಗಳ ಬಂದರು, ಗಡಿ, ದೂರವಾಣಿ ಜಾಲಗಳ ಮೇಲೆ ಯಾವ ಪರದೇಶದ ಕೈ ಎಷ್ಟು ಚಾಚಿದೆ ಎಂಬುದಕ್ಕೆ ಅದು ನೂರಕ್ಕೆ ಇಷ್ಟೆಂದು ಅಂಕ ಕೊಟ್ಟು ವರದಿ ಬರೆಯುತ್ತಿತ್ತು. ನಲವತ್ತು ಅಂಕ ತೋರಿಸಿದ ವರದಿಯನ್ನು ಯಾರೂ ಎರಡನೆಯ ಸಲ ಕೊಳ್ಳುವುದಿಲ್ಲ. ಆದ್ದರಿಂದ ಅಂಕಗಳು ಎಂಬತ್ತರಿಂದ ಕೆಳಗಿಳಿಯುತ್ತಿರಲಿಲ್ಲ.

ಉಮಾನಾಥರದ್ದು ಆ ಅಂಕಗಳನ್ನು ಪರಿಶೀಲಿಸುವ ಕೆಲಸ. ಮಲ್ಪೆಯ ಹೈಸ್ಕೂಲಿನಲ್ಲಿ ಹನ್ನೊಂದು ವರ್ಷ ಲೆಕ್ಕ ಕಲಿಸಿ ಆಮೇಲೆ ಕಡಲು ದಾಟಿ ಇಲ್ಲಿಗೆ ಬಂದು ನೆಲೆಸಿದವರು. ಸಂಸ್ಥೆಯ ಮುಖ್ಯಸ್ಥ ಉಲ್ಲಾಸ್ ಅದೇ ಹೈಸ್ಕೂಲಿನಲ್ಲಿ ಅವರ ಮುಂದೆ ಬೆಂಚಿನ ಮೇಲೆ ನಿಂತವನು. ಪ್ರತಿ ವರದಿಯ ಕೊನೆಯಲ್ಲಿ ಪರಿಶೀಲಕ ಸ್ವಂತ ಕೈಯಿಂದ ಬರೆದ ಒಂದು ಪುಟ ಇರಬೇಕು, ಅದನ್ನು ಬೇರೆ ಯಾರೂ ತಿದ್ದಕೂಡದು ಎಂಬುದು ಕೊಳ್ಳುವವರ ಕರಾರು. ಆ ಪುಟವನ್ನು ಯಾರೂ ಓದುವುದಿಲ್ಲವೆಂದು ಉಲ್ಲಾಸ್ ನಂಬಿದ್ದ. ಅವನ ನಂಬಿಕೆ ಬಹುಮಟ್ಟಿಗೆ ಸರಿಯೇ ಆಗಿತ್ತು.

ಈ ಸಲದ ವರದಿ ತಾಲೋರಾದ ಮೇಲೆ. ಹಿಂದೂ ಮಹಾಸಾಗರದ ಆ ಪುಟ್ಟ ದ್ವೀಪರಾಷ್ಟ್ರ ಒಂದು ದೊಡ್ಡ ದೇಶದ ನೆರವಿನಿಂದ ಬಂದರು ಕಟ್ಟಿಸಿಕೊಂಡಿತ್ತು. ಆದ್ದರಿಂದ ಇನ್ನೊಂದು ದೊಡ್ಡ ದೇಶಕ್ಕೆ ಅಲ್ಲಿ ಅಲೆ ಎದ್ದರೂ ಅನುಮಾನ. ಆ ಅನುಮಾನದ ಬೆನ್ನು ಹತ್ತಿ, ಕಾವಲು ಹಡಗುಗಳನ್ನು ಬಾಡಿಗೆಗೆ ಕೊಡುವ ಒಂದು ಕಂಪನಿ ಈ ವರದಿಯನ್ನು ಬಯಸಿತ್ತು. ವರದಿಯಲ್ಲಿ 'ಶಂಕಿತ' ಎಂದು ಹೆಸರಿಸಿದ ಪ್ರತಿ ದೋಣಿಯನ್ನೂ ಅದರ ಹಡಗುಗಳು ನಡುಗಡಲಿನಲ್ಲೇ ಹಿಡಿದು ಜಪ್ತಿ ಮಾಡುವವು. ಶಂಕಿತ ದೋಣಿಗಳು ಮೂವತ್ತನಾಲ್ಕು.

ಉಪಗ್ರಹದ ಚಿತ್ರಗಳಲ್ಲಿ ಅವು ಬಿಳಿಯ ಚುಕ್ಕಿಗಳು. ಯಾವಾಗಲೂ ಜೋಡಿಯಾಗಿ, ನಡುವೆ ಇನ್ನೂರು ಮೀಟರ್ ಬಿಟ್ಟು, ಗಂಟೆಗೆ ಐದು ಕಿಲೋಮೀಟರ್ ವೇಗದಲ್ಲಿ ನೇರವಾಗಿ ಹೋಗಿ ಅಷ್ಟೇ ನೇರವಾಗಿ ತಿರುಗಿ ಬರುತ್ತಿದ್ದವು. 'ಪರದೇಶದ ನೌಕಾದಳದ ತರಬೇತಿ. ಸಮುದ್ರತಳದ ಗುಪ್ತ ಸಮೀಕ್ಷೆ' ಎಂದಿತ್ತು ವರದಿ. ಜೂನ್ ಒಂದರಿಂದ ಜುಲೈ ಮೂವತ್ತೊಂದರ ತನಕ, ಅರವತ್ತೊಂದು ದಿನ, ಒಂದು ಚುಕ್ಕಿಯೂ ಇರಲಿಲ್ಲ. 'ಹೊರಗಿನ ಆದೇಶದಂತೆ ಏಕಕಾಲಕ್ಕೆ ಹಿಂದೆಗೆತ' ಎಂದು ಅದಕ್ಕೆ ಟಿಪ್ಪಣಿ. ಅಂಕ ತೊಂಬತ್ತೊಂದು.

ಉಮಾನಾಥರಿಗೆ ಎರಡು ನಿಮಿಷ ಸಾಕಾಯಿತು. ಮೂವತ್ತನಾಲ್ಕನ್ನು ಎರಡರಿಂದ ಭಾಗಿಸಿದರೆ ಹದಿನೇಳು. ಹದಿನೇಳು ಬಲೆ. ಎರಡು ದೋಣಿ ಸೇರಿ ಒಂದು ಬಲೆ ಎಳೆಯುವುದನ್ನು ಅವರು ಶಾಲೆಯ ಕಿಟಕಿಯಿಂದ ಹನ್ನೊಂದು ವರ್ಷ ನೋಡಿದ್ದರು. ಉಲ್ಲಾಸನ ಅಪ್ಪ ಜಗನ್ನಾಥರದ್ದೂ ಅಂಥದೇ ಒಂದು ಜೋಡಿ ದೋಣಿ ಇತ್ತು. ಪಾಪ, ಹುಡುಗ ಮರೆತಿದ್ದಾನೆ ಎಂದುಕೊಂಡರು. ನೆನಪಿಸಿದರೆ ತಿದ್ದಿಕೊಳ್ಳುತ್ತಾನೆ ಎಂದೂ ಅಂದುಕೊಂಡರು.

ಭಾನುವಾರ ಮಧ್ಯಾಹ್ನ ಹತ್ತಿರದ ಯೂನಿಯನ್ ಸಿಟಿಯ ಉಲ್ಲಾಸನ ಮನೆಯಲ್ಲಿ ಉಮಾನಾಥರಿಗೆ ಊಟ. ಅವನ ತಾಯಿ ಸರೋಜಿನಿ ಬಂಗುಡೆ ಮೀನಿನ ಹುಳಿಖಾರದ ಪುಳಿಮುಂಚಿ ಮಾಡಿದ್ದರು. ಕಂಪನಿಯವರೊಂದಿಗೆ ಮಂಗಳವಾರವಿದ್ದ ಮೀಟಿಂಗಿಗೆ ಅಭ್ಯಾಸವಾಗಲೆಂದು ಉಲ್ಲಾಸ್ ಚುಕ್ಕಿಗಳ ಚಿತ್ರವನ್ನು ಗೋಡೆಯಷ್ಟು ದೊಡ್ಡ ಟಿವಿಯಲ್ಲಿ ತೆರೆದು ಮಾತು ಶುರುಮಾಡಿದ. ಬಡಿಸಲು ಬಂದ ಸರೋಜಿನಿ ಸೌಟು ಹಿಡಿದೇ ನಿಂತರು.

"ಇದು ಯಾರ ದೋಣಿ? ಬಲೆ ಎಳೀತಾ ಉಂಟಲ್ಲ."

"ಅಮ್ಮ, ಇದು ಆಫೀಸಿನ ವಿಷಯ. ನಿಂಗೆ ಗೊತ್ತಾಗುದಿಲ್ಲ."

"ನಂಗೆ ಗೊತ್ತಾಗುದಿಲ್ವಾ? ಇಪ್ಪತ್ತೆರಡು ವರ್ಷ ದಡದಲ್ಲಿ ನಿಂತು ನಿನ್ನಪ್ಪನ ದೋಣಿ ಕಾದದ್ದು ಯಾರು, ಆಚೆ ಮನೆಯವಳಾ? ನೋಡಿ ಮಾಷ್ಟ್ರೇ, ಈ ಎಡಗಡೆಯದ್ದು ಸ್ವಲ್ಪ ಹಿಂದೆ ಬಿದ್ದಿದೆ. ಬಲೆ ತಿರುಚಿಕೊಳ್ತದೆ ಈಗ. ಯಾರೋ ಹೊಸಬ."

ಉಮಾನಾಥರು ಉಲ್ಲಾಸನ ಮುಖ ನೋಡಿದರು. "ಕೇಳಿದಿಯಾ? ಜೂನ್, ಜುಲೈಯಲ್ಲಿ ಆದೇಶ ಕೊಟ್ಟವನು ಯಾರು ಅಂತ ಅಮ್ಮನ ಹತ್ರ ಕೇಳು."

"ಮಳೆಗಾಲದಲ್ಲಿ ಯಾರು ಕಡಲಿಗೆ ಇಳೀತಾರೆ ಮಾರಾಯ?" ಎಂದರು ಸರೋಜಿನಿ.

ಉಲ್ಲಾಸ್ ನಾಚಲಿಲ್ಲ. ಮೀನಿನ ಮುಳ್ಳನ್ನು ನಾಜೂಕಾಗಿ ಬಿಡಿಸಿ ತಟ್ಟೆಯ ಅಂಚಿಗಿಟ್ಟ.

"ನಂಗೆ ಗೊತ್ತುಂಟು ಮಾಷ್ಟ್ರೇ. ಮೊದಲ ದಿನವೇ ಗೊತ್ತಾಯ್ತು."

ಉಮಾನಾಥರು ತುತ್ತನ್ನು ತಟ್ಟೆಗೆ ಇಳಿಸಿದರು. ಮರೆತವನಿಗೆ ನೆನಪಿಸಬಹುದಿತ್ತು. ಇವನು ಏನನ್ನೂ ಮರೆತಿರಲಿಲ್ಲ.

"ಗೊತ್ತಿದ್ದೂ ಬರೆದೆಯಾ?"

"ಕ್ಲೈಂಟಿಗೆ ಮೀನು ಬೇಡ. ಮೀನು ಅಂತ ಬರೆದ್ರೆ ಪ್ರಾಜೆಕ್ಟು ಅಲ್ಲಿಗೇ ಮುಗೀತು. ನೀವು ಆ ಪುಟ ಖಾಲಿ ಬಿಡಿ, ಸಾಕು. ಸುಳ್ಳು ಬರೀರಿ ಅಂತ ನಾನು ಹೇಳಿದ್ನಾ?"

"ಖಾಲಿ ಬೇರೆ, ಸೊನ್ನೆ ಬೇರೆ. ಎಂಟನೇ ಕ್ಲಾಸಿನಲ್ಲಿ ನಿನಗೆ ಇದನ್ನೇ ಮೂರು ಸಲ ಹೇಳಿದ್ದೆ."

ಸರೋಜಿನಿ ಮಗನ ತಟ್ಟೆಗೆಂದು ಎತ್ತಿದ್ದ ಎರಡನೆಯ ಬಂಗುಡೆಯನ್ನು ಪಾತ್ರೆಗೆ ಮರಳಿ ಹಾಕಿ ಒಳಗೆ ಹೋದರು.

ಸೋಮವಾರ ಉಮಾನಾಥರು ತಮ್ಮ ಪುಟ ಬರೆದರು: 'ದೋಣಿ ಮೂವತ್ತನಾಲ್ಕು. ಬಲೆ ಹದಿನೇಳು. ಅರವತ್ತೊಂದು ದಿನ ಮಳೆ. ಕಸುಬು ಮೀನುಗಾರಿಕೆ. ಅಪಾಯ ಸೊನ್ನೆ.' ಇಂಗ್ಲಿಷಿನಲ್ಲಿ ಅದು ಇನ್ನೂ ಚಿಕ್ಕದಾಯಿತು. ಸಹಿ ಹಾಕಿ, ಅದರ ಒಂದು ಪ್ರತಿಯನ್ನು ಹಡಗಿನ ಕಂಪನಿಗೆ ತಾವೇ ಕಳುಹಿಸಿದರು. ಈ ಕೆಲಸದಲ್ಲಿ ಅದು ತಮ್ಮ ಕೊನೆಯ ಪುಟವೆಂದು ಲೆಕ್ಕ ಹಾಕಿ, ಮೇಜಿನ ಮೇಲಿದ್ದ ಸ್ವಂತದ ಪೆನ್ನನ್ನು ಜೇಬಿಗೆ ಸೇರಿಸಿದರು.

ಮಂಗಳವಾರದ ಮೀಟಿಂಗಿಗೆ ಕಂಪನಿಯಿಂದ ಮೂವರು ಬಂದರು. ಅವರಲ್ಲಿ ಒಬ್ಬಳು, ಯಾರೂ ಓದದ ಆ ಪುಟವನ್ನು ಓದಿಕೊಂಡೇ ಬಂದಿದ್ದಳು. ಮೀನುಗಾರರನ್ನು ಹಿಡಿದು ಪತ್ರಿಕೆಗಳ ಬಾಯಿಗೆ ಬೀಳಲು ತನ್ನ ಕಂಪನಿಗೆ ಮನಸ್ಸಿಲ್ಲವೆಂದಳು. ಇವು ಮೀನುಗಾರಿಕೆಯ ದೋಣಿಗಳೇ, ಹೌದೋ ಅಲ್ಲವೋ ಎಂದು ನೇರವಾಗಿ ಕೇಳಿದಳು.

ಉಲ್ಲಾಸ್ ಒಂದು ಉಸಿರೆಳೆದುಕೊಂಡ. ಆಮೇಲೆ ನಕ್ಕ. ಹೌದು ಎಂದ. ನಿಜವಾದ ಬೇಹುಗಾರನನ್ನೂ ಬಡ ಬೆಸ್ತನನ್ನೂ ಬೇರೆಬೇರೆಯಾಗಿ ಗುರುತಿಸುವ ಕೌಶಲ ಜಗತ್ತಿನಲ್ಲಿ ತನ್ನ ಸಂಸ್ಥೆಯೊಂದಕ್ಕೇ ಇದೆಯೆಂದ. ತಾನು ಮೀನುಗಾರನ ಮಗ, ಈ ವಿದ್ಯೆ ತನ್ನ ರಕ್ತದಲ್ಲೇ ಇದೆ ಎಂದ. ಅಪ್ಪನ ದೋಣಿಯ ಹೆಸರು ಹೇಳುವಾಗ ಅವನ ಕಣ್ಣು ಒದ್ದೆಯಾಯಿತು. ಇಂಥ ದೋಣಿಗಳನ್ನು ಸೋಸುವ ಹೊಸ ಸೇವೆಯೊಂದನ್ನು ಇನ್ನೂ ಹದಿನಾಲ್ಕು ಬಡ ದೇಶಗಳ ಕರಾವಳಿಗೆ ಒದಗಿಸಬಲ್ಲೆನೆಂದ. ಮೂವರೂ ತಲೆದೂಗಿದರು. ಹೊಸ ಕರಾರು ಆ ಮೇಜಿನ ಮೇಲೆಯೇ ಕುದುರಿತು.

ಅವರು ಹೋದ ಮೇಲೆ ಉಲ್ಲಾಸ್ ಉಮಾನಾಥರ ಹತ್ತಿರ ಬಂದ. ಮುಖದಲ್ಲಿ ಸಿಟ್ಟಿನ ಸುಳಿವೂ ಇರಲಿಲ್ಲ.

"ಮಾಷ್ಟ್ರೇ, ನಿಮ್ಮಿಂದ ಒಳ್ಳೇದೇ ಆಯ್ತು. ಈ ಹೊಸ ವಿಭಾಗಕ್ಕೆ ನೀವೇ ಹೆಡ್. ಸಾಂಪ್ರದಾಯಿಕ ಜ್ಞಾನದ ತಜ್ಞರು ಅಂತ ಸ್ಲೈಡಿನಲ್ಲಿ ನಿಮ್ಮ ಫೋಟೋ ಹಾಕುವ."

"ನಿನ್ನ ಅಮ್ಮನದ್ದು ಹಾಕು. ಬಲೆ ತಿರುಚಿದ್ದನ್ನು ಕಂಡವರು ಅವರು."

"ಅಮ್ಮನಿಗೆ ಡಿಗ್ರಿ ಇಲ್ಲ ಮಾಷ್ಟ್ರೇ. ಸ್ಲೈಡಿನಲ್ಲಿ ಚಂದ ಕಾಣುದಿಲ್ಲ."

ಉಮಾನಾಥರು ಶಂಕಿತ ದೋಣಿಗಳ ತಿದ್ದಿದ ಪಟ್ಟಿಯನ್ನು ತರಿಸಿ, ಹೊಡೆದುಹಾಕಿದ ಹೆಸರುಗಳನ್ನು ಬೆರಳಿಟ್ಟು ಎಣಿಸಿದರು. ಮೂವತ್ತಮೂರು. ಒಂದು ದೋಣಿ ಉಳಿದುಹೋಗಿತ್ತು. ಯಾರಿಗೂ ಅದರ ಪರಿವೆ ಇರಲಿಲ್ಲ. ಜೇಬಿನಿಂದ ಪೆನ್ನು ತೆಗೆದು ತಾವೇ ಅದರ ಮೇಲೆ ಗೆರೆ ಎಳೆದು, ಪಕ್ಕದಲ್ಲಿ ಸಹಿ ಹಾಕಿ, ಆ ಹಾಳೆ ಕಂಪನಿಗೆ ಹೋಗುವವರೆಗೂ ಸ್ಕ್ಯಾನ್ ಯಂತ್ರದ ಮುಂದೆ ನಿಂತರು.

ಆಮೇಲೆ ಕುತ್ತಿಗೆಯಲ್ಲಿದ್ದ ಆಫೀಸಿನ ಬ್ಯಾಡ್ಜನ್ನು ಬಿಚ್ಚಿ ಉಲ್ಲಾಸನ ಮೇಜಿನ ಮೇಲಿಟ್ಟು, ರೈಲು ಹಿಡಿಯಲು ಹೊರಟರು.