ನಲವತ್ತಾಳಿನ ಅಡುಗೆ

ಎರಡೂ ಕೈಯಲ್ಲಿ ಸೌಟು ಹಿಡಿದು ತಳದಿಂದ ಮೇಲಕ್ಕೆ ಒಂದು ಸುತ್ತು ತಿರುವುವಷ್ಟರಲ್ಲಿ ಮಗಳು ಬೆವೆತುಹೋದಳು. ಕಿಟಕಿಯಾಚೆ ಮೂಳೆ ಕೊರೆಯುವ ಚಳಿ. ಒಳಗೆ ಅಪ್ಪನ ದೊಡ್ಡ ಪಾತ್ರೆಯಲ್ಲಿ ಕೋಳಿ, ಈರುಳ್ಳಿ, ಕ್ಯಾರೆಟ್ಟು ಒಟ್ಟಿಗೆ ಕುದಿಯುತ್ತಿದ್ದವು. ಬೆಳಿಗ್ಗೆ ಅಪ್ಪನನ್ನು ಮಣ್ಣು ಮಾಡಿ ಬಂದವರು ಕೋಟು ಕೂಡ ಬಿಚ್ಚದೆ ನಡುಮನೆಯಲ್ಲಿ ಕೈ ಉಜ್ಜಿಕೊಳ್ಳುತ್ತ ಕೂತಿದ್ದರು.

“ಪಾಸ್ತಾ ಈಗಲೇ ಹಾಕ್ತೀಯಾ? ಬೇರೆ ಬೇಯಿಸ್ಬಾರ್ದಾ?” ಅತ್ತೆ ಇಣುಕಿದಳು. ಸತ್ತವನ ತಂಗಿ, ಅಣ್ಣನ ಅಡುಗೆಯಲ್ಲಿ ತಪ್ಪು ಹುಡುಕುವ ಕೆಲಸವನ್ನು ಐವತ್ತು ವರ್ಷ ಒಂದು ದಿನವೂ ರಜೆ ಹಾಕದೆ ಮಾಡಿದವಳು.

“ಎಲ್ಲಾ ಇದೊಂದರಲ್ಲೇ ಬೇಯ್ಬೇಕು ಅತ್ತೆ. ಬೇರೆ ಪಾತ್ರೆ ಇಟ್ರೆ ಅಪ್ಪ ಎದ್ದು ಬರ್ತಾರೆ.”

“ಬರ್ಲಿ ಬಿಡೇ,” ಎನ್ನುವಷ್ಟರಲ್ಲಿ ಅತ್ತೆಯ ದನಿ ಒಡೆಯಿತು.

“ಅಮ್ಮ ಏನಾದ್ರೂ ತಿಂದ್ಲಾ?”

“ನಿನ್ನೆಯಿಂದ ಒಂದು ಬಿಸ್ಕತ್ತೂ ಮುಟ್ಟಿಲ್ಲ.”

ಮಗಳಿಗಿದ್ದ ಚಿಂತೆ ಅದೊಂದೇ. ಅಮ್ಮ ಬರಿಹೊಟ್ಟೆಯಲ್ಲಿ ಆಗಲೇ ಎರಡು ಸಲ ತಲೆ ಸುತ್ತಿ ಕುಸಿದಿದ್ದಳು. ಅಪ್ಪನ ಅಡುಗೆಗಾದರೂ ಬಾಯಿ ತೆರೆದಾಳು ಎಂಬ ಆಸೆಯಿಂದ ಮಗಳು ಈ ಸಾಹಸಕ್ಕೆ ಕೈಹಾಕಿದ್ದಳು.

*

ಕಾರ್ಖಾನೆಯ ಕ್ಯಾಂಟೀನಿನಲ್ಲಿ ಮೂವತ್ತೊಂದು ವರ್ಷ ಅಡುಗೆ ಮಾಡಿದ ಅಪ್ಪನಿಗೆ ನಾಲ್ಕು ಜನರ ಅಳತೆ ಕೊನೆಗೂ ಹತ್ತಲಿಲ್ಲ. ನಿವೃತ್ತನಾದ ಮೊದಲ ಚಳಿಗಾಲ, ಒಂದು ಭಾನುವಾರ, “ಇವತ್ತು ನೀನು ಸುಮ್ನೆ ಕೂತ್ಕೋ” ಎಂದು ಹೆಂಡತಿಯನ್ನು ಅಡುಗೆಮನೆಯಿಂದ ಹೊರಗಟ್ಟಿದ. ಮಧ್ಯಾಹ್ನದ ಹೊತ್ತಿಗೆ ಒಲೆಯ ಮೇಲೆ ನಲವತ್ತು ಜನಕ್ಕಾಗುವಷ್ಟು ಪಾಸ್ತಾ ಉಬ್ಬಿ ನಿಂತಿತ್ತು.

“ಯಾರ ಮದುವೆ ಇದು?” ಹೆಂಡತಿ ಹಣೆ ಚಚ್ಚಿಕೊಂಡಳು.

“ಕೈ ಅಭ್ಯಾಸ ಕಣೆ. ಕಮ್ಮಿ ಹಾಕೋಕೆ ಹೋದ್ರೆ ಯಾರನ್ನೋ ಉಪವಾಸ ಕೆಡವ್ದಂಗೆ ಅನ್ಸುತ್ತೆ.”

ಮಹಾರಾಯ ನಾಲ್ಕೂ ಮಹಡಿಯ ಬಾಗಿಲು ಬಡಿದು ಜನ ಕರೆದ. ನೀರಿನ ಜಗಳದಲ್ಲಿ ಮಾತು ಬಿಟ್ಟವರೂ ತಟ್ಟೆ ಹಿಡಿದು ಬಂದರು. ಆಮೇಲೆ ಚಳಿಗಾಲದ ಪ್ರತಿ ಭಾನುವಾರವೂ ಅದೇ ಕತೆ. ಕಟ್ಟಡದವರ ಬಾಯಲ್ಲಿ ಅವನು ‘ನಲವತ್ತಾಳು’ ಆದ.

*

“ನಮ್ಮ ನಲವತ್ತಾಳು ಇರ್ಬೇಕಿತ್ತು,” ಕೆಳಮನೆಯ ಪ್ಲಂಬರ್ ತಟ್ಟೆ ನೋಡುತ್ತ ಹೇಳಿದ. “ಈ ಹೊಟ್ಟೆ ಇದೆಯಲ್ಲ, ಅರ್ಧ ಅವ್ರೇ ಕಟ್ಟಿದ್ದು.”

ಎಲ್ಲರೂ ನಕ್ಕರು, ನಕ್ಕವರೇ ಕಣ್ಣೊರೆಸಿಕೊಂಡರು. ಅಷ್ಟರಲ್ಲಿ ಪ್ಲಂಬರ್ ಮೂಗು ಅರಳಿಸಿದ. “ಏನೋ ಸೀದ ವಾಸನೆ?”

ಮಗಳು ಅಡುಗೆಮನೆಯತ್ತ ತಿರುಗಿದಳು. ಬಡಿಸುವ ಗಡಿಬಿಡಿಯಲ್ಲಿ ಒಲೆ ಆರಿಸುವುದನ್ನೇ ಮರೆತಿದ್ದಳು. ಓಡಿಹೋಗಿ ನೋಡಿದರೆ ಪಾತ್ರೆ ತಳ ಹಿಡಿದಿತ್ತು. ಮೇಲಿನದನ್ನು ಹುಷಾರಾಗಿ ತೆಗೆದು ಅಮ್ಮನ ಮುಂದೆ ಹಿಡಿದಳು.

“ಎರಡೇ ತುತ್ತು, ಅಮ್ಮ.”

“ಮೊದ್ಲು ಎಲ್ರಿಗೂ ಬಡಿಸು.”

“ಬಡಿಸಾಯ್ತು.”

“ಇನ್ನೊಂದ್ಸಲ ಕೇಳು.”

ಮಗಳಿಗೆ ಸಿಟ್ಟೂ ಅಳುವೂ ಒಟ್ಟಿಗೆ ಬಂದವು. ತಟ್ಟೆಯಲ್ಲಿದ್ದುದು ಹಾಗೇ ಆರಿ ತಣ್ಣಗಾಯಿತು.

ಸಂಜೆಯ ಹೊತ್ತಿಗೆ ಬಂದವರೆಲ್ಲ ಹೊರಟರು. ಮಗಳು ಪಾತ್ರೆಯನ್ನು ಸಿಂಕಿಗೆ ಎಳೆದು ನಲ್ಲಿಗೆ ಕೈ ಹಾಕಿದಾಗ ಅಮ್ಮ ಗೋಡೆ ಹಿಡಿದುಕೊಂಡು ಬಂದಳು.

“ನೀರು ಬಿಡ್ಬೇಡ!”

“ತಳ ಪೂರಾ ಹಿಡಿದಿದೆ ಅಮ್ಮ. ಅಪ್ಪನ ಅಡುಗೆ ಕೆಡಿಸ್ಬಿಟ್ಟೆ.”

“ಯಾರೇ ಹೇಳಿದ್ದು ಕೆಡ್ತು ಅಂತ? ಅವ್ರೂ ಪ್ರತಿಸಲ ಬೇಕಂತ್ಲೇ ತಳ ಹಿಡಿಸ್ತಿದ್ರು. ನೀವೆಲ್ಲ ಎದ್ದು ಹೋದ್ಮೇಲೆ ನಾವಿಬ್ರೂ ಇಲ್ಲೇ ಕೂತು ಕೆರ್ಕೊಂಡು ತಿಂತಿದ್ವಿ. ಯಾರಿಗೂ ಒಂಚೂರೂ ಕೊಡ್ತಿರ್ಲಿಲ್ಲ.”

ಅಮ್ಮ ಸ್ಟೂಲಿನ ಮೇಲೆ ಕೂತು ಚಮಚದಿಂದ ಕೆರೆಯತೊಡಗಿದಳು. ಕೋಳಿಯ ಎಣ್ಣೆಯಲ್ಲಿ ಕೆಂಪಗೆ ಹುರಿದ ಪಾಸ್ತಾದ ಹಪ್ಪಳದಂಥ ಚಕ್ಕೆ ಎದ್ದು ಬಂತು. ಅದನ್ನು ಮುರಿದು ಚಿಕ್ಕ ತುಂಡನ್ನು ಬಾಯಿಗೆ ಹಾಕಿಕೊಂಡಳು. ದೊಡ್ಡದನ್ನು ಮುಚ್ಚಳದ ಮೇಲಿಟ್ಟು, ಎದುರಿನ ಖಾಲಿ ಸ್ಟೂಲಿನ ಕಡೆಗೆ ಸರಿಸಿದಳು. ಸ್ವಲ್ಪ ಹೊತ್ತು ಕಾದಳು.

ಆಮೇಲೆ ಅದನ್ನೂ ತನ್ನ ಕಡೆಗೆಳೆದುಕೊಂಡು, ಅಳುತ್ತಲೇ ಕರಕರನೆ ಅಗಿಯತೊಡಗಿದಳು.