ಎಲ್ಲರ ಚೂರಲ್ಲೂ ಗೊಂಬೆ

ಊರ ಉಸಾಬರಿ ನನಗೆ ಬೇಕಿರಲಿಲ್ಲ. ಆದರೆ ಫಿದೆನ್ಸಿಯಾಳ ಅಂಗಡಿ ಇರುವುದು ನನ್ನ ಹೊಲಿಗೆ ಅಂಗಡಿಯ ಎದುರಿಗೇ. ಬೆಳಗಿನ ಜಾವ ಐದಕ್ಕೆ ಅವಳು ಒಲೆ ಹೊತ್ತಿಸುವುದು, ಮಧ್ಯಾಹ್ನ ಖರ್ಚಾಗದ ತಮಾಲೆಗಳನ್ನು, ಅಂದರೆ ಎಲೆಯಲ್ಲಿ ಸುತ್ತಿ ಬೇಯಿಸಿದ ಮೆಕ್ಕೆಜೋಳದ ಕಡುಬುಗಳನ್ನು, ತಾನೇ ಬಿಚ್ಚಿಕೊಂಡು ತಿನ್ನುವುದು, ಎರಡೂ ನನ್ನ ಕಿಟಕಿಯಿಂದ ಕಾಣುತ್ತಿದ್ದವು. ನೋಡಿಯೂ ನೋಡದ ಹಾಗಿರಲು ನಾನೇನು ಕಲ್ಲೇ?

ಅವಳು ಮೆಕ್ಸಿಕೊದ ದಕ್ಷಿಣದ ಓಹಾಕಾದವಳು. ಅವಳ ತಮಾಲೆ ಬೇಯುವುದು ಬಾಳೆಎಲೆಯಲ್ಲಿ. ಅಮೆರಿಕದ ಮಿಲ್ವಾಕಿಯ ಈ ಬೀದಿಯಲ್ಲಿ ಅಂಗಡಿ ಇಟ್ಟ ಉಳಿದವರೆಲ್ಲ ಮೆಕ್ಸಿಕೊದಲ್ಲೇ ಹಾಲಿಸ್ಕೊ ಕಡೆಯವರು. ಮೆಕ್ಕೆಜೋಳದ ತೆನೆಯ ಸಿಪ್ಪೆಯಲ್ಲಿ ಸುತ್ತಿ ಬೇಯಿಸಿದರೆ ಮಾತ್ರ ನಮಗದು ತಮಾಲೆ. ಹಾರ್ಡ್‌ವೇರ್ ಅಂಗಡಿಯ ಹಿರಿಯ ಅಪೋಲಿನಾರ್ ಅಂತೂ ಬಾಯಿಗೂ ಇಡದೆ ತೀರ್ಪು ಕೊಟ್ಟಿದ್ದ: "ಒದ್ದೆ ಎಲೆ ಸುತ್ತಿದ ಹಿಟ್ಟು. ನಮ್ಮೂರಲ್ಲಿ ಹಂದಿಗೂ ಹಾಕಲ್ಲ." ಅವನ ಮಾತೆಂದರೆ ಬೀದಿಗೆಲ್ಲ ವೇದ. ಫಿದೆನ್ಸಿಯಾಳೋ ನಾಚಿಕೆಯ ಮುದ್ದೆ. ಬಂದು ಎಂಟು ತಿಂಗಳಾದರೂ ಯಾರ ಹೊಸ್ತಿಲನ್ನೂ ತುಳಿದವಳಲ್ಲ.

ಕ್ರಿಸ್‌ಮಸ್ ಮುಗಿದ ಮೇಲೆ ಅವಳೇ ಬಂದು ಹೇಳಿದಳು. "ಜನವರಿ ಮೂವತ್ತೊಂದಕ್ಕೆ ಬಾಗಿಲು ಹಾಕ್ತೀನಿ, ಒಬ್ದೂಲಿಯಕ್ಕ. ಮಾಲೀಕರಿಗೂ ಹೇಳಿಬಿಟ್ಟೆ. ತಂಗಿ ಮನೆಗೆ ಹೋಗ್ತೀನಿ."

ನನಗೆ ಮೈಯೆಲ್ಲ ಉರಿಯಿತು. ಇಡೀ ಬೀದಿಗೆ ತಿನ್ನಲು ಬಾಯಿದೆ, ಇವಳ ಹತ್ತಿರ ಕೈರುಚಿ ಇದೆ, ನಡುವೆ ಒಂದು ಎಲೆ ಅಡ್ಡ!

ಬಾಲಯೇಸುವನ್ನು ನೋಡಲು ಬಂದ ಮೂವರು ಅರಸರ ಹಬ್ಬ ಹತ್ತಿರ ಬಂದಿತ್ತು. ಪ್ರತಿ ವರ್ಷ ಜನವರಿ ಆರರಂದು ಬೀದಿಯ ಅಂಗಡಿಯವರೆಲ್ಲ ನನ್ನಲ್ಲಿ ಸೇರಿ ಬಳೆಯಾಕಾರದ ದಪ್ಪ ಸಿಹಿ ಬ್ರೆಡ್ಡಿನಂಥ ಹಬ್ಬದ ರೊಟ್ಟಿ ಕೊಯ್ಯುತ್ತೇವೆ. ಅದರೊಳಗೆ ಬೆರಳ ಗೆಣ್ಣಿನಷ್ಟು ಚಿಕ್ಕ ಬಾಲಯೇಸುವಿನ ಗೊಂಬೆ ಇರುತ್ತದೆ. ಅದು ಯಾರ ಚೂರಿಗೆ ಬಂತೋ ಅವರು ಫೆಬ್ರವರಿ ಎರಡರಂದು ಎಲ್ಲರಿಗೂ ತಮಾಲೆ ಹಾಕಿಸಬೇಕು. ನಾನು ಬೇಕರಿಯ ಎಲ್ಯುತೇರಿಯೊನನ್ನು ಕರೆದು ಹೇಳಿದೆ: "ಈ ಸಲ ಚೂರಿಗೊಂದು ಗೊಂಬೆ ಇಡು."

"ಹನ್ನೊಂದು ಗೊಂಬೆನಾ? ನನ್ನ ಚರ್ಮ ಸುಲೀತಾರೆ, ಒಬ್ದೂಲಿಯಕ್ಕ."

"ಒಬ್ಬನಿಗೆ ಸಿಕ್ಕರೆ ಹೆಂಡ್ತಿ ಮಾಡಿಕೊಡ್ತಾಳೆ. ಎಲ್ಲರಿಗೂ ಸಿಕ್ಕರೆ ಎದುರು ಅಂಗಡಿಗೇ ಓಡಬೇಕು. ಸುಮ್ನೆ ಇಡು."

ಹಬ್ಬದ ದಿನ ಫಿದೆನ್ಸಿಯಾಳನ್ನು ರಟ್ಟೆ ಹಿಡಿದು ಎಳೆತಂದೆ. ರೊಟ್ಟಿ ಕೊಯ್ದು ಹಂಚಿದೆ. ಸ್ವಲ್ಪ ಹೊತ್ತಿಗೆ ಅಪೋಲಿನಾರ್ ಅಗಿಯುವುದನ್ನು ಗಪ್ಪನೆ ನಿಲ್ಲಿಸಿದ. ಅವನ ಎಡಗೆನ್ನೆ ಉಬ್ಬಿತು. ಕ್ಷೌರದ ನಸಾರಿಯೊ ಕರವಸ್ತ್ರಕ್ಕೆ ಕೆಮ್ಮಿ ಅದನ್ನು ಜೋಪಾನವಾಗಿ ಮಡಿಸಿ ಜೇಬಿಗಿಟ್ಟ. ಹೂವಿನಂಗಡಿಯವಳ ಕೈ ಕುಪ್ಪಸದೊಳಗೆ ಹೋಗಿ ಖಾಲಿ ಬಂತು. ಒಬ್ಬೊಬ್ಬರದೂ ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದ ಕಥೆಯೇ.

"ಗೊಂಬೆ ಯಾರಿಗೆ ಸಿಕ್ತು?" ಎಂದೆ.

ಎಲ್ಲರೂ ತಮ್ಮ ತಮ್ಮ ತಟ್ಟೆ ನೋಡಿಕೊಂಡರು. ಅಪೋಲಿನಾರ್ ತೊದಲುತ್ತ, "ಈ ಎಲ್ಯುತೇರಿಯೊ ಜಿಪುಣ, ಹಾಕೋದೇ ಮರೆತಿದಾನೆ" ಎಂದ. ಎಲ್ಯುತೇರಿಯೊ ಏನೋ ಹೇಳಲು ಹೊರಟ. ನಾನು ಅವನ ಕಾಲು ತುಳಿದೆ. ತಮಾಲೆ ಹಾಕಿಸುವುದಕ್ಕಿಂತ ಬಾಲಯೇಸುವನ್ನೇ ನುಂಗಿ ನೀರು ಕುಡಿಯುವ ಜನ ಇವರು ಅನ್ನುವುದು ನನಗೆ ಮೊದಲೇ ಹೊಳೆಯಬಾರದಿತ್ತೆ?

ಆಗ ಫಿದೆನ್ಸಿಯಾ ತನ್ನ ಗೊಂಬೆಯನ್ನು ಏಪ್ರನ್ನಿಗೆ ಒರೆಸಿ ಮೇಜಿನ ಮೇಲಿಟ್ಟಳು. ಅವಳ ಚೂರೊಂದನ್ನು ಬಿಟ್ಟು ಇಡು ಎಂದು ಎಲ್ಯುತೇರಿಯೊಗೆ ಹೇಳಲು ಮರೆತಿದ್ದೆ!

"ನನಗೆ ಸಿಕ್ತು," ಎಂದಳು. "ಮೂವತ್ತೊಂದಕ್ಕೆ ಅಂಗಡಿ ಮುಚ್ಚಿ ಹೋಗೋಳಿದ್ದೆ. ಇರಲಿ, ಎರಡು ದಿನ ತಡ ಆಗತ್ತೆ ಅಷ್ಟೆ. ಬಾಲಯೇಸು ಕೈಗೆ ಬಂದ್ಮೇಲೆ ಊಟ ಹಾಕದೆ ಹೋಗಕ್ಕಾಗತ್ತಾ? ಎಲ್ಲರೂ ಬನ್ನಿ. ಆದರೆ ನನಗೆ ಬರೋದು ಬಾಳೆಎಲೆದೇ. ತಪ್ಪು ತಿಳ್ಕೋಬೇಡಿ."

ಮೊದಲು ತಲೆ ತಗ್ಗಿಸಿದವನು ಅಪೋಲಿನಾರ್. ಅಂಗೈಗೆ ಗೊಂಬೆ ಉಗುಳಿ, ಅವಳ ಗೊಂಬೆಯ ಪಕ್ಕದಲ್ಲಿಟ್ಟ. "ನಂಗೂ ಸಿಕ್ಕಿತ್ತು. ಅರವತ್ತು ವರ್ಷಕ್ಕೆ ನಾಚಿಕೆ ಇಲ್ಲದೆ ಬಚ್ಚಿಟ್ಕೊಂಡೆ." ನಸಾರಿಯೊ ಕರವಸ್ತ್ರ ಬಿಚ್ಚಿದ. ಕುಪ್ಪಸದಿಂದ, ಕಾಲುಚೀಲದಿಂದ, ಟೋಪಿಯೊಳಗಿನಿಂದ ಗೊಂಬೆಗಳು ಹೊರಬಿದ್ದವು. ಎಲ್ಲರೂ ಒಬ್ಬರನ್ನೊಬ್ಬರು ನೋಡಿ, ಆಮೇಲೆ ಎಲ್ಯುತೇರಿಯೊನನ್ನು ನೋಡಿದರು. "ನಾನಲ್ಲ, ಇವಳು!" ಎಂದು ಅವನು ನನ್ನನ್ನು ತೋರಿಸಿಯೇಬಿಟ್ಟ. ನಕ್ಕು ನಕ್ಕು ಕೆಲವರ ಕಣ್ಣಲ್ಲಿ ನೀರು ಬಂತು.

ಫಿದೆನ್ಸಿಯಾ ಮಾತ್ರ ನಗಲಿಲ್ಲ. "ನನ್ನ ಕಷ್ಟಾನ ರೊಟ್ಟಿಲಿಟ್ಟು ಹಂಚಿದ್ಯಾ ಅಕ್ಕ?"

"ತಪ್ಪಾಯ್ತು ಕಣೇ. ನೀನು ಹೋಗೋದು ನಂಗಿಷ್ಟ ಇರಲಿಲ್ಲ," ಎಂದೆ.

ಅವಳು ಮೇಜಿನ ಮೇಲಿನ ಗೊಂಬೆಗಳ ಸಾಲನ್ನು ನೋಡಿದಳು. "ಹನ್ನೊಂದು ಜನದ ಹರಕೆ ನನ್ನೊಬ್ಬಳ ಕೈಲಿ ತೀರಲ್ಲ. ಸಾಮಾನು ನೀವು ತನ್ನಿ, ಎಲೆ ಸುತ್ತೋಕೂ ನೀವೇ ಬನ್ನಿ."

ಬಂದರು. ಫೆಬ್ರವರಿ ಒಂದರಂದು ಅವಳ ಅಡುಗೆಮನೆಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಅಪೋಲಿನಾರ್ ಸುತ್ತಿದ್ದೆಲ್ಲ ಬಿಚ್ಚಿಕೊಳ್ಳುತ್ತಿತ್ತು. ಅವಳು ಬೈದು ಮತ್ತೆ ಸುತ್ತಿಸುತ್ತಿದ್ದಳು. ಮೊದಲ ಹಂಡೆ ಇಳಿದಾಗ ಅವನು ಒಂದು ತಿಂದ, ಇನ್ನೊಂದಕ್ಕೆ ಕೈ ಹಾಕಿದ.

"ಹಂದಿಗೂ ಹಾಕಲ್ಲ ಅಂದಿದ್ದೆ?" ಎಂದು ಕೆಣಕಿದೆ.

"ಹೌದು, ಈಗ್ಲೂ ಹಾಕಲ್ಲ! ಇಂಥದ್ದನ್ನ ಹಂದಿಗ್ಯಾಕೆ ಹಾಕ್ಲಿ?" ಎಂದು ಮೂರನೆಯದನ್ನು ಬಿಚ್ಚಿದ.

ಮರುದಿನ ಪ್ರತಿಯೊಬ್ಬರೂ ತಮ್ಮ ಪಾಲಿನದನ್ನು ತಮ್ಮ ಅಂಗಡಿಗೆ ಬಂದವರಿಗೆ ಹಂಚಿದರು. ನಸಾರಿಯೊ ಕ್ಷೌರಕ್ಕೆ ಕೂತವರಿಗೆ ಕೊಟ್ಟ. ಬೆಳಗಾಗುತ್ತಲೇ ಮೊಳೆ, ಪೈಪು ಕೊಳ್ಳಲು ಬರುವ ಗಾರೆಯವರು, ನಲ್ಲಿ ರಿಪೇರಿಯವರಿಗೆ ಅಪೋಲಿನಾರ್ ಹಂಚಿದ. ಹಂಚಿ ಸುಮ್ಮನಾಗಲಿಲ್ಲ. "ನಾಳೆಯಿಂದ ನಿಮ್ಮ ತಿಂಡಿ ಇಲ್ಲೇ, ಇವಳ ಹೆಸರು ಫಿದೆನ್ಸಿಯಾ" ಎಂದು ಪ್ರತಿಯೊಬ್ಬನನ್ನೂ ಅವಳ ಬಾಗಿಲಿಗೆ ತಾನೇ ಕರೆದುಕೊಂಡು ಹೋಗಿ ಪರಿಚಯ ಮಾಡಿಸಿದ. ಎರಡು ದಿನ ಮಾತ್ರ ಎಂದಿದ್ದವಳು, "ಮಾಲೀಕರಿಗೆ ಹೇಳಿದೀನಿ, ಈ ವಾರ ನೋಡ್ತೀನಿ" ಎಂದಳು.

ಎರಡು ವಾರ ಕಳೆದಿತ್ತು. ಮದುವೆ ಲಂಗವೊಂದರ ಅಂಚು ಹೊಲಿಯುತ್ತ ನಾನು ತಿಂಡಿಯನ್ನೇ ಮರೆತಿದ್ದೆ. ಹತ್ತೂವರೆಗೆ ಹಿಮ ತುಳಿದುಕೊಂಡು ರಸ್ತೆ ದಾಟಿದೆ. ಫಿದೆನ್ಸಿಯಾ ಅಂಗಿಯ ತೋಳು ಮೇಲೆ ಮಡಚಿಕೊಂಡು ಹಂಡೆ ತಿಕ್ಕುತ್ತಿದ್ದಳು.

"ಎರಡು ತಮಾಲೆ ಕೊಡೇ, ಹೊಟ್ಟೆ ತಾಳ ಹಾಕ್ತಿದೆ."

ಅವಳು ತಲೆಯೆತ್ತಲೂ ಇಲ್ಲ. "ಎಲ್ಲಾ ಖಾಲಿ, ಅಕ್ಕ. ನಾಳೆ ಬಾ."

ಹಸಿದ ಹೊಟ್ಟೆಯಲ್ಲಿ ಅಷ್ಟು ಖುಷಿಯಾಗಿ ನಾನು ಯಾವತ್ತೂ ಅಂಗಡಿಗೆ ಮರಳಿರಲಿಲ್ಲ.